ಸಾಗುವಾನಿ ಯಾಕೆ ದಪ್ಪವಾಗಲಿಲ್ಲ?

ಭಾವನ ಜಮೀನಿನ ಸಾಗುವಾನಿ ತೋಪಿನಲ್ಲಿ ಹೋದ ಮಳೆಗಾಲ ಒಂದು ಮರ ಗಾಳಿಗೆ ಬಿತ್ತು. ಬುಡದಿಂದ ಒಂದು ಬಿಲ್ಲೆ ಕೊಯ್ಸಿ, ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸಿ, ಜಗಲಿಯ ಬೆಳಕಿನಲ್ಲಿ ಇಟ್ಟು ನೋಡಿದೆವು. ಉಷ್ಣವಲಯದ ಬಹಳಷ್ಟು ಮರಗಳಲ್ಲಿ ವರ್ಷದ ಬಳೆಗಳನ್ನು ಹುಡುಕಿ ಹಿಡಿಯುವುದು ಕಷ್ಟ. ಸಾಗುವಾನಿಯಲ್ಲಿ ಅವು ಬರಿಗಣ್ಣಿಗೇ ಕಾಣುತ್ತವೆ. ನಡುವಿನಿಂದ ಎಣಿಸಿದರೆ ಮೊದಲ ಏಳು ಬಳೆಗಳು ಒಂದೊಂದೂ ಪೆನ್ಸಿಲ್ಲಿನಷ್ಟು ದಪ್ಪ. ಎಂಟನೆಯದರಿಂದ ಕಥೆ ಬದಲಾಗುತ್ತದೆ. ಬಳೆ ಬೆಂಕಿಕಡ್ಡಿಯ ದಪ್ಪಕ್ಕೆ ಇಳಿಯುತ್ತದೆ, ತೊಗಟೆಯ ಹತ್ತಿರ ಬರುವಷ್ಟರಲ್ಲಿ ಎರಡು ಬಳೆಗಳ ನಡುವೆ ಉಗುರು ತೂರಿಸಲೂ ಜಾಗವಿಲ್ಲ. ಹದಿನೆಂಟು ವರ್ಷದ ಮರ, ಸುತ್ತಳತೆ ಹದಿನಾರು ಇಂಚು.

"ಮಣ್ಣೇ ಸರಿಯಿಲ್ಲವೇನೋ" ಎಂದರು ಭಾವ. ಸಸಿ ಕೊಟ್ಟ ನರ್ಸರಿಯ ಮೇಲೂ ಅವರಿಗೆ ಅನುಮಾನವಿತ್ತು. ಆದರೆ ಮಣ್ಣು ಕೆಟ್ಟದ್ದಾಗಿದ್ದರೆ ಮೊದಲ ಏಳು ಬಳೆಗಳು ಅಷ್ಟು ಕೊಬ್ಬುತ್ತಿರಲಿಲ್ಲ. ಎಂಟನೆಯ ವರ್ಷ ಆ ಎಕರೆಯಲ್ಲಿ ಆದದ್ದು ಬೇರೆ: ಮರಗಳ ತಲೆಗಳು ಒಂದಕ್ಕೊಂದು ತಾಗಿದವು. ಆಮೇಲೆ ಹನ್ನೊಂದು ವರ್ಷ ಯಾರೂ ಒಂದು ಮರವನ್ನೂ ಮುಟ್ಟಲಿಲ್ಲ.

ಇದು ಭಾವನೊಬ್ಬರ ಮನೆಯ ಕಥೆಯಲ್ಲ. 1990ರ ದಶಕದಲ್ಲಿ ಸಾಗುವಾನಿಯ ಹುಚ್ಚು ಹಿಡಿದದ್ದನ್ನು ಹಿರಿಯರು ಮರೆತಿರಲಾರರು. ಇಷ್ಟು ಸಾವಿರ ಕಟ್ಟಿ, ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಎಣಿಸಿಕೊಳ್ಳಿ ಎಂದು ಕಂಪನಿಗಳು ಜಾಹೀರಾತು ಕೊಟ್ಟು ಜನರ ದುಡ್ಡು ಎತ್ತಿದವು. ಅಂಥ ಯೋಜನೆಗಳಿಗೆಲ್ಲ ಮೂಗುದಾರ ಹಾಕಲು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 1999ರಲ್ಲಿ ನಿಯಮಾವಳಿ ತರಬೇಕಾಯಿತು. ಕಂಪನಿಗಳು ಹೋದವು, ಗಿಡದ ಮೇಲಿನ ನಂಬಿಕೆ ಉಳಿಯಿತು. ಮಲೆನಾಡಿನಲ್ಲಿ, ಅರೆಮಲೆನಾಡಿನಲ್ಲಿ, ನೀರಿನ ಆಸರೆ ಇರುವ ಬಯಲುಸೀಮೆಯಲ್ಲೂ ಎಕರೆಗೆ ಸಾವಿರದ ಲೆಕ್ಕದಲ್ಲಿ ನೆಟ್ಟವರಿದ್ದಾರೆ. ಈಗ ಆ ತೋಪುಗಳಿಗೆ ವ್ಯಾಪಾರಿಯನ್ನು ಕರೆತಂದರೆ ಅವನು ಟೇಪು ಸುತ್ತಿ, ತಲೆ ಅಲ್ಲಾಡಿಸಿ, "ಕಂಬಕ್ಕಾದರೆ ತೆಗೆದುಕೊಳ್ಳುತ್ತೇನೆ, ನಾಟಾ ಲೆಕ್ಕಕ್ಕೆ ಬರುವುದಿಲ್ಲ" ಎಂದು ಹೋಗುತ್ತಾನೆ.

ಅವನ ಟೇಪಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಇಡೀ ವಿಷಯ ಅದರಲ್ಲೇ ಇದೆ. ದಿಮ್ಮಿ ಅಳೆಯುವ ಹಳೆಯ ಕ್ರಮ ಕಾಲು ಸುತ್ತಳತೆಯದು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. ಹದಿನಾರು ಇಂಚಿನ ಮರದ ಹತ್ತಡಿ ದಿಮ್ಮಿಯಲ್ಲಿ ಈ ಲೆಕ್ಕಕ್ಕೆ ಸಿಗುವುದು 1.1 ಘನ ಅಡಿ. ಮೂವತ್ತೆರಡು ಇಂಚಿನ ಮರದ್ದಾದರೆ 4.4 ಘನ ಅಡಿ. ಸುತ್ತಳತೆ ಎರಡು ಪಟ್ಟಾದರೆ ನಾಟಾ ನಾಲ್ಕು ಪಟ್ಟು. ಬೆಲೆ ನಾಲ್ಕು ಪಟ್ಟಿಗೂ ಮೇಲೆ ಹೋಗುತ್ತದೆ, ಯಾಕೆಂದರೆ ಸಾಗುವಾನಿಯಲ್ಲಿ ದುಡ್ಡಿರುವುದು ಚೇಗಿನಲ್ಲಿ, ಅಂದರೆ ನಡುವಿನ ಗಟ್ಟಿ ಮರದಲ್ಲಿ. ತೊಗಟೆಯ ಒಳಗೆ ಬಿಳಿ ಮರದ ಒಂದು ಪದರ ಇದ್ದೇ ಇರುತ್ತದೆ. ಅದು ಮೂರು ಸೆಂಟಿಮೀಟರ್ ಎಂದು ಹಿಡಿದರೆ, ಹದಿನಾರು ಇಂಚಿನ ಮರದಲ್ಲಿ ಚೇಗು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಮೂವತ್ತೆರಡು ಇಂಚಿನದರಲ್ಲಿ ಐದರಲ್ಲಿ ಮೂರು ಪಾಲು ಚೇಗು. ಬಾಗಿಲ ಚೌಕಟ್ಟು ಆಗುವುದು ಎರಡನೆಯದರಿಂದ.

ಇನ್ನೊಂದು ಲೆಕ್ಕ. ಭಾವನ ಎಕರೆಯಲ್ಲಿ ನೆಟ್ಟ ಸಾವಿರದಲ್ಲಿ ಬದುಕಿರುವುದು ಏಳುನೂರು ಎಂದುಕೊಳ್ಳಿ, ಎಲ್ಲವೂ ಹದಿನಾರು ಇಂಚಿನವು. ಎಲ್ಲವನ್ನೂ ಎದೆಯೆತ್ತರದಲ್ಲಿ ಅಡ್ಡ ಕೊಯ್ದು ಬಿಲ್ಲೆಗಳ ವಿಸ್ತಾರ ಕೂಡಿಸಿದರೆ ಎಷ್ಟಾಗುತ್ತದೋ, ಮೂವತ್ತೆರಡು ಇಂಚಿನ ನೂರ ಎಪ್ಪತ್ತೈದು ಮರಗಳದ್ದೂ ಅಷ್ಟೇ ಆಗುತ್ತದೆ. ಅರಣ್ಯಶಾಸ್ತ್ರದವರು ತೋಪಿನ ದಟ್ಟಣೆಯನ್ನು ಅಳೆಯುವುದು ಈ ಮೊತ್ತದಿಂದಲೇ; ನಮ್ಮಲ್ಲಿ ಅದಕ್ಕೆ ಹಿಡಿಯುವ ಎತ್ತರ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಒಂದು ಎಕರೆ ಮಣ್ಣು, ಅದರ ಮೇಲೆ ಬೀಳುವ ಬಿಸಿಲು, ಸುರಿಯುವ ಮಳೆ ಸೇರಿ ವರ್ಷಕ್ಕೆ ಇಷ್ಟು ಮರ ಎಂದು ಕಟ್ಟಬಲ್ಲವು. ಅದನ್ನು ಏಳುನೂರು ತಟ್ಟೆಗೆ ಬಡಿಸುವುದೋ ನೂರ ಎಪ್ಪತ್ತೈದಕ್ಕೋ ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಕಳೆದುಕೊಳ್ಳಬೇಕು. ನಡುನಡುವೆ ಕೆಲವು ಮರ ಕಡಿದು ತೋಪನ್ನು ತೆಳುಗೊಳಿಸಿದರೆ, ಇಲಾಖೆಯವರ ಮಾತಿನಲ್ಲಿ ಥಿನ್ನಿಂಗ್ ಮಾಡಿದರೆ, ತೋಪಿನ ಒಟ್ಟು ಬೆಳವಣಿಗೆ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಸಾಮಾನ್ಯವಾಗಿ ಹೆಚ್ಚುವುದಿಲ್ಲ. ನಾರ್ವೆಯ ಅರಣ್ಯಶಾಸ್ತ್ರಜ್ಞ ಲಾಂಗ್‌ಸೆಟರ್ 1941ರಲ್ಲಿ ಗೆರೆ ಎಳೆದು ತೋರಿಸಿದ್ದು ಇದನ್ನೇ: ದಟ್ಟಣೆಯನ್ನು ಸಾಕಷ್ಟು ಇಳಿಸಿದರೂ ಎಕರೆವಾರು ಬೆಳವಣಿಗೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ, ಒಂದು ಮಿತಿ ದಾಟಿ ಇಳಿಸಿದ ಮೇಲೆ ಮಾತ್ರ ಕುಸಿಯುತ್ತದೆ. ಆ ಸಮತಟ್ಟಾದ ಭಾಗವೇ ರೈತನಿಗೆ ಸಿಕ್ಕಿರುವ ಸಲುಗೆ. ಅದರೊಳಗೆ ಎಷ್ಟು ಮರ ತೆಗೆದರೂ ಭೂಮಿ ಕೊಡುವುದು ಬಹುತೇಕ ಅಷ್ಟನ್ನೇ. ಉಳಿದ ಮರಗಳ ಪಾಲು ದೊಡ್ಡದಾಗುತ್ತದೆ.

ಮರ ತನ್ನ ಪಾಲನ್ನು ಹೇಗೆ ಖರ್ಚು ಮಾಡುತ್ತದೆ ಎಂದು ನೋಡಿದರೆ ಬಿಲ್ಲೆಯ ಮೇಲಿನ ಆ ಎಂಟನೆಯ ಬಳೆ ಅರ್ಥವಾಗುತ್ತದೆ. ಎಲೆಗಳು ತಯಾರಿಸಿದ ಆಹಾರದಲ್ಲಿ ಮೊದಲ ಹಕ್ಕು ಉಸಿರಾಟದ್ದು, ಬದುಕಿರುವ ಅಂಗಾಂಶಗಳ ದಿನದ ಖರ್ಚಿನದು. ಆಮೇಲೆ ಹೊಸ ಎಲೆ, ಸಣ್ಣ ಬೇರು. ಆಮೇಲೆ ಎತ್ತರ. ಕಾಂಡ ದಪ್ಪವಾಗುವ ಸರದಿ ಬರುವುದು ಹೆಚ್ಚುಕಡಿಮೆ ಕೊನೆಯಲ್ಲಿ. ಸಂಬಳ ಕಡಿಮೆಯಾದ ಮನೆಯಲ್ಲಿ ಅಕ್ಕಿ, ಬಾಡಿಗೆ ನಿಲ್ಲುವುದಿಲ್ಲ, ಉಳಿತಾಯ ನಿಲ್ಲುತ್ತದೆ. ಮರದ ಉಳಿತಾಯವೇ ಬಳೆ. ಆದ್ದರಿಂದಲೇ ಒತ್ತಾಗಿ ಬೆಳೆದ ತೋಪಿನಲ್ಲಿ ಮರಗಳು ಎತ್ತರಕ್ಕೇನೂ ಕಡಿಮೆಯಿರುವುದಿಲ್ಲ. ಮೇಲ್ಮರಗಳ ಎತ್ತರವನ್ನು ದಟ್ಟಣೆ ಅಷ್ಟಾಗಿ ಬದಲಿಸುವುದಿಲ್ಲ, ಅದು ಮಣ್ಣಿನ ಗುಣ ಹೇಳುತ್ತದೆ. ರಸ್ತೆಯಿಂದ ನೋಡಿದವರು "ಎಷ್ಟು ಚೆನ್ನಾಗಿ ಎದ್ದಿದೆ" ಎನ್ನುತ್ತಾರೆ. ಎದ್ದಿರುವುದು ನಿಜ. ಕೋಲಿನ ಹಾಗೆ ಎದ್ದಿದೆ.

ಎಲೆಯ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಸಾಗುವಾನಿ ಬಿಸಿಲಿನ ಮರ, ನೆರಳು ತಡೆಯದು. ಪಕ್ಕದ ಮರದ ತಲೆ ತಾಗಿದ ಕೂಡಲೇ ಕೆಳಗಿನ ಕೊಂಬೆಗಳು ಸಾಯಲು ಶುರುವಾಗುತ್ತವೆ. ವರ್ಷ ವರ್ಷ ಮರ ಮೇಲೇರುತ್ತದೆ, ಹಸಿರು ತಲೆ ಮಾತ್ರ ಚಿಕ್ಕದಾಗುತ್ತ ಹೋಗುತ್ತದೆ. ಭಾವನ ತೋಪಿನಲ್ಲಿ ನಿಂತು ತಲೆಯೆತ್ತಿ ನೋಡಿದರೆ ಐವತ್ತಡಿ ಎತ್ತರದ ಮರಕ್ಕೆ ಹತ್ತಡಿಯಷ್ಟು ಹಸಿರು, ಅದೂ ಕೊಡೆಯ ಹಾಗೆ ಹರಡದೆ ಪೊರಕೆಯ ಹಾಗೆ. ಎತ್ತರದ ಮೂರರಲ್ಲಿ ಒಂದು ಪಾಲಾದರೂ ಹಸಿರು ತಲೆ ಇರಬೇಕು ಎಂಬುದು ಅರಣ್ಯ ಬೆಳೆಸುವವರ ಹಳೆಯ ಅಂದಾಜು. ಅದಕ್ಕಿಂತ ಇಳಿದ ಮರಕ್ಕೆ ಜಾಗ ಬಿಡಿಸಿಕೊಟ್ಟರೂ ತಕ್ಷಣ ಉಣ್ಣಲು ಬಾಯಿಲ್ಲ.

ತಡವಾಗಿ ತೆಳುಗೊಳಿಸಿದವರು ಮೋಸ ಹೋಗುವುದು ಇಲ್ಲೇ. ಸುತ್ತಲಿನ ಮರ ತೆಗೆದು, ಒಂದು ವರ್ಷ ಕಾದು, ಟೇಪು ಹಾಕಿ, "ಏನೂ ಆಗಲಿಲ್ಲವಲ್ಲ" ಎನ್ನುತ್ತಾರೆ. ಸರಿಯಾದ ಸಮಯಕ್ಕೆ ಮಾಡಿದರೂ ಮೊದಲ ಒಂದೆರಡು ವರ್ಷ ಮರ ತಲೆ ಮತ್ತು ಬೇರನ್ನು ಹರಡಿಕೊಳ್ಳುತ್ತದೆ. ಕಾಂಡದ ಸರದಿ ಆಮೇಲೆ. ಬಂದಾಗಲೂ ಮೊದಲು ದಪ್ಪವಾಗುವುದು ಬುಡದ ಕಡೆ, ಏಕೆಂದರೆ ಈಗ ಗಾಳಿ ನೇರವಾಗಿ ತಾಗುತ್ತಿದೆ, ಮರ ಕಾಲು ಗಟ್ಟಿ ಮಾಡಿಕೊಳ್ಳಬೇಕು. ತಲೆ ಕುಗ್ಗಿಹೋದ ಮುದಿ ಕೋಲುಮರಕ್ಕೆ ಈ ತಯಾರಿಗೇ ಬಹಳ ವರ್ಷ ಬೇಕು. ಅಷ್ಟರಲ್ಲಿ ಒಂದು ಜೋರು ಗಾಳಿ ಬಂದರೆ ಇದ್ದದ್ದೂ ಮಲಗುತ್ತದೆ. ಪಕ್ಕದವರ ಭುಜಕ್ಕೆ ಒರಗಿ ನಿಂತಿದ್ದವು ಅವು.

ಹಾಗಾದರೆ ಮೊದಲೇ ದೂರ ದೂರ ನೆಟ್ಟಿದ್ದರಾಗುತ್ತಿತ್ತಲ್ಲ ಎಂದು ಅಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಡಿಕೆಗೆ ಒಂಬತ್ತಡಿ ಅಂತರ ಎಂದರೆ ಒಂಬತ್ತಡಿ, ಅದರಲ್ಲಿ ಚೌಕಾಸಿಯಿಲ್ಲ. ಆದರೆ ಅಡಿಕೆಗೆ ಕೊಂಬೆಯಿಲ್ಲ. ಸಾಗುವಾನಿಯನ್ನು ಎಳೆತನದಲ್ಲಿ ಬಯಲಲ್ಲಿ ಒಂಟಿಯಾಗಿ ಬಿಟ್ಟರೆ ಬುಡದಿಂದಲೇ ಕೊಂಬೆ ಬಿಟ್ಟು, ಕಾಂಡ ಗಿಡ್ಡವಾಗಿ, ಗಂಟು ತುಂಬಿಕೊಳ್ಳುತ್ತದೆ. ಒತ್ತಾಗಿ ನೆಟ್ಟರೆ ಮೊದಲ ವರ್ಷಗಳಲ್ಲಿ ನೆಟ್ಟಗೆ ಏಳುತ್ತದೆ, ಕೆಳಗಿನ ಕೊಂಬೆಗಳು ತಾವಾಗಿಯೇ ಉದುರುತ್ತವೆ, ಕಳೆಯೂ ಅಡಗುತ್ತದೆ, ಒಳ್ಳೆಯ ಮರ ಯಾವುದೆಂದು ಆರಿಸಲು ಸಾವಿರ ಮರಗಳ ಸಂತೆ ಸಿಗುತ್ತದೆ. ಎರಡು ಮೀಟರ್ ಅಂತರದಲ್ಲಿ ನೆಟ್ಟವರು ಮೂರ್ಖರಲ್ಲ. ಅರಣ್ಯ ಇಲಾಖೆಯೂ ಹಾಗೆಯೇ ನೆಡುತ್ತಾ ಬಂದಿದೆ. ಇಲಾಖೆಯ ಪುಸ್ತಕದಲ್ಲಿ ಆ ನೆಡುವಿಕೆಯ ಜೊತೆಗೇ ತೆಗೆಯುವ ವೇಳಾಪಟ್ಟಿಯೂ ಇರುತ್ತದೆ. ನಮ್ಮವರು ಮೊದಲ ಪುಟ ಮಾತ್ರ ಹರಿದು ತಂದರು. ರಾಗಿ ಹೊಲದಲ್ಲಿ ಪೈರು ಒತ್ತಾಯಿತೆಂದು ಕುಂಟೆ ಹೊಡೆಯುವಾಗ ಯಾರಿಗೂ ಕೈ ನಡುಗುವುದಿಲ್ಲ. ಕಾಫಿ ತೋಟದವರು ವರ್ಷ ವರ್ಷ ನೆರಳುಮರಗಳ ಕೊಂಬೆ ಸವರಿಸಿ ಮರಗಸಿ ಮಾಡಿಸುತ್ತಾರೆ. ಅದೇ ಜನ ಸಾಗುವಾನಿಯ ಮುಂದೆ ಭಕ್ತರಾಗಿಬಿಡುತ್ತಾರೆ.

ವೇಳಾಪಟ್ಟಿ ಎಂದೆನಲ್ಲ, ಅದರ ಮೂಲ ನಮಗೆ ದೂರದ್ದಲ್ಲ. ಗುಂಡ್ಲುಪೇಟೆ, ಗೂಡಲೂರು ದಾಟಿ ಘಟ್ಟ ಇಳಿದರೆ ನಿಲಂಬೂರು. ಮಲಬಾರಿನ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ಅಲ್ಲಿ ಸಾಗುವಾನಿ ನೆಡಿಸಲು ಹೊರಟ. ಮೊಳಕೆಯೇ ಬರದೆ ಸೋತ ಪ್ರಯತ್ನಗಳ ನಂತರ ಕೆಲಸವನ್ನು ನೆಲೆಗೆ ಹಚ್ಚಿದವರು ಅವನ ಕೈಕೆಳಗಿನ ಅರಣ್ಯ ಅಧಿಕಾರಿ ಚಾತು ಮೇನೋನ್. ಹಡಗು ಕಟ್ಟಲು ಮರ ಬೇಕಿತ್ತು, ಅದೇ ಕಾರಣ. ಚಾಲಿಯಾರ್ ನದಿಯ ದಂಡೆಯಲ್ಲಿ ಅಂದಿನ ತೋಪಿನ ಒಂದು ತುಂಡು, ಎರಡೂಕಾಲು ಹೆಕ್ಟೇರಿಗೆ ತುಸು ಮೇಲೆ, ಕೊನೊಲಿಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ನಿಂತಿರುವುದು ನೂರ ಚಿಲ್ಲರೆ ಮರ. ಹೋದವರು ಒಂದೊಂದನ್ನೂ ತಬ್ಬಿ ಫೋಟೋ ತೆಗೆಸಿಕೊಳ್ಳುತ್ತಾರೆ, ತೋಳು ಸಾಲುವುದಿಲ್ಲ. ಆ ದೈತ್ಯರನ್ನು ನೋಡಿ ಬಂದು ಎಕರೆಗೆ ಸಾವಿರ ನೆಟ್ಟವರಿಗೆ ಕಾಣದೇ ಹೋದದ್ದು ಒಂದೇ: ಅಲ್ಲಿ ಎಕರೆಗೆ ಇಪ್ಪತ್ತರ ಸುಮಾರು ಮರಗಳಿವೆ.

ದಕ್ಷಿಣ ಭಾರತದ ಸಾಗುವಾನಿ ತೋಪುಗಳಲ್ಲಿ ರೂಢಿಯಾದ ಕ್ರಮ ಇದು. ನಾಲ್ಕೈದನೆಯ ವರ್ಷ ಮೊದಲ ಸಲ, ಸಾಲು ಹಿಡಿದು ಒಂದು ಬಿಟ್ಟು ಒಂದು ತೆಗೆಯುವುದು. ಎಂಟು ಹತ್ತನೆಯ ವರ್ಷ ಇನ್ನೊಮ್ಮೆ. ಅಲ್ಲಿಂದ ಮುಂದೆ ಸಾಲಿನ ಲೆಕ್ಕವಿಲ್ಲ, ಮರದ ಮುಖ ನೋಡಿ ಆರಿಸುವುದು. ಎರಡು ಸರದಿಗಳ ನಡುವಿನ ಅಂತರವೂ ಹೆಚ್ಚುತ್ತ ಹೋಗುತ್ತದೆ. ಐವತ್ತು ಅರವತ್ತು ವರ್ಷಕ್ಕೆ ಕೊನೆಯ ಕಟಾವಿಗೆ ಎಕರೆಗೆ ನಲವತ್ತರಿಂದ ಎಂಬತ್ತು ಮರ ಉಳಿದರೆ ಸರಿ. ಅಂದರೆ ನೆಟ್ಟ ಸಾವಿರದಲ್ಲಿ ಒಂಬೈನೂರಕ್ಕೂ ಹೆಚ್ಚು ಮರಗಳು ದಾರಿಯಲ್ಲಿ ಇಳಿಯಲೆಂದೇ ಹತ್ತಿದವು.

ಪ್ರಕೃತಿಯೇ ತೆಳುಗೊಳಿಸುತ್ತದೆ, ನಾವೇಕೆ ಕೈ ಹಾಕಬೇಕು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಅರಣ್ಯಶಾಸ್ತ್ರಜ್ಞ ರೈನೆಕಿ 1933ರಲ್ಲಿ ದಟ್ಟ ಕಾಡುಗಳ ಅಳತೆ ಹಿಡಿದು ಕಂಡುಕೊಂಡದ್ದು: ಸರಾಸರಿ ವ್ಯಾಸ ಇಮ್ಮಡಿಯಾಗುವಷ್ಟರಲ್ಲಿ ಮರಗಳ ಸಂಖ್ಯೆ ಮೂರರಲ್ಲಿ ಒಂದಕ್ಕೆ ಇಳಿದಿರುತ್ತದೆ. ಉಳಿದೆರಡು ಪಾಲು ಹಸಿದು ಸತ್ತಿರುತ್ತವೆ. ಸಹಜ ಕಾಡಿನಲ್ಲಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಜಾತಿಯ ಮರಗಳಿರುವುದರಿಂದ ಸೋಲು ಗೆಲುವು ಬೇಗ ತೀರ್ಮಾನವಾಗುತ್ತದೆ. ಒಂದೇ ದಿನ, ಒಂದೇ ಅಳತೆಯಲ್ಲಿ ನೆಟ್ಟ ಒಂದೇ ಜಾತಿಯ ತೋಪಿನಲ್ಲಿ ಎಲ್ಲರೂ ಸಮಬಲರು. ಯಾರೂ ಬೇಗ ಸೋಲುವುದಿಲ್ಲ. ಎಲ್ಲವೂ ಸೇರಿ ಸೊರಗುತ್ತವೆ.

ಯಾವ ಮರ ತೆಗೆಯಬೇಕು ಎಂಬುದು ಎಷ್ಟು ತೆಗೆಯಬೇಕು ಎಂಬುದಕ್ಕಿಂತ ಕಠಿಣ. ನನ್ನ ಪ್ರಕಾರ ನಮ್ಮಲ್ಲಿ ಅತಿ ಹೆಚ್ಚು ಹಾಳಾಗುವುದೂ ಇಲ್ಲೇ. ವ್ಯಾಪಾರಿ ಬರುತ್ತಾನೆ. "ಸ್ವಾಮಿ, ತೋಪು ಒತ್ತಾಗಿದೆ, ಐವತ್ತು ಮರ ತೆಗೆಸಿ, ಉಳಿದದ್ದಕ್ಕೆ ಗಾಳಿ ಬೆಳಕು ಆಗುತ್ತದೆ" ಎನ್ನುತ್ತಾನೆ. ಮಾತು ಶಾಸ್ತ್ರದ್ದೇ. ಆದರೆ ಅವನು ಸುಣ್ಣ ಹಚ್ಚುವುದು ತೋಪಿನ ಅತ್ಯುತ್ತಮ ಐವತ್ತಕ್ಕೆ, ಏಕೆಂದರೆ ಅವನಿಗೆ ಬೇಕಾದ ಸುತ್ತಳತೆ ಇರುವುದು ಅವಕ್ಕೇ. ಉಳಿಯುವುದು ಸೊಟ್ಟವು, ಕವಲೊಡೆದವು, ಪೊರಕೆ ತಲೆಯವು. ಐದಾರು ವರ್ಷ ಬಿಟ್ಟು ಮತ್ತೆ ಬಂದು ಮತ್ತೆ ಮೇಲಿನ ಕೆನೆ. ಹೋರಿಗಳನ್ನೆಲ್ಲ ಸಂತೆಗೆ ಹೊಡೆದು ಬಡಕಲು ಕರುಗಳಿಂದ ಉಳುಮೆ ಮಾಡಿಸುವ ಕೆಲಸ ಇದು.

ಇದಕ್ಕೆ ಎದುರಿನ ತಪ್ಪೂ ಇದೆ. ಮನೆಯ ಯಜಮಾನ ತಾನೇ ನಿಂತು ಸತ್ತ ಮರ, ಅರೆಸತ್ತ ಮರ, ನೆರಳಲ್ಲಿ ಮುಳುಗಿದ ಕಡ್ಡಿಗಳನ್ನು ಕಡಿಸಿ, ತೋಪು ಹಸನಾಯಿತೆಂದು ನಿಟ್ಟುಸಿರು ಬಿಡುತ್ತಾನೆ. ನೋಡಲು ಚೆಂದ. ಬೆಳವಣಿಗೆಗೆ ಅದರಿಂದ ಏನೂ ಆಗುವುದಿಲ್ಲ, ಏಕೆಂದರೆ ಆ ಬಡಪಾಯಿಗಳು ಯಾರ ಬಿಸಿಲನ್ನೂ ಕಸಿಯುತ್ತಿರಲಿಲ್ಲ. ಜರ್ಮನಿಯ ಅರಣ್ಯಶಾಸ್ತ್ರಜ್ಞ ಕ್ರಾಫ್ಟ್ 1884ರಲ್ಲಿಯೇ ಮರಗಳನ್ನು ತಲೆಯ ಸ್ಥಾನ ನೋಡಿ ಐದು ದರ್ಜೆ ಮಾಡಿದ್ದ. ಅದರ ಪ್ರಯೋಜನ ಇಷ್ಟೇ: ಕೊನೆಗೆ ಉಳಿಯಬೇಕಾದ ಮರವನ್ನು ಮೊದಲು ಗುರುತಿಸಿ, ಆಮೇಲೆ ಅದರ ತಲೆಗೆ ತಲೆ ತಾಗಿಸಿ ನಿಂತಿರುವ ಸರಿಸಮಾನ ಯಾವುದು ನೋಡಿ, ಅದನ್ನು ತೆಗೆಯುವುದು. ಗಟ್ಟಿಮುಟ್ಟಾದ, ಆರೋಗ್ಯವಂತ ಮರವನ್ನೇ ಕಡಿಯಬೇಕಾಗುತ್ತದೆ. ಮನಸ್ಸಿಗೆ ಕಷ್ಟವಾಗುವುದು ಅದಕ್ಕೇ, ಲಾಭ ಇರುವುದೂ ಅಲ್ಲೇ.

ಡೆನ್ಮಾರ್ಕಿನ ರೆವೆಂಟ್‌ಲೊ ಎಂಬ ಮಂತ್ರಿ ತನ್ನ ಕಾಡಿನ ಕಡಿದ ಮರಗಳ ಬಳೆಗಳನ್ನು ಅಳೆದು ಈ ಎಲ್ಲವನ್ನೂ ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಹೆಚ್ಚು ತೆಗೆಯಿರಿ, ಬೇಗ ತೆಗೆಯಿರಿ, ಮತ್ತೆ ಮತ್ತೆ ತೆಗೆಯಿರಿ ಎಂಬುದು ಅವನ ವಾದದ ಸಾರ. ಅವನು ತೀರಿಕೊಂಡದ್ದು 1827ರಲ್ಲಿ, ಬರಹ ಅಚ್ಚಾದದ್ದು 1879ರಲ್ಲಿ. ಮರದ ವಿಷಯದಲ್ಲಿ ಯಾರಿಗೂ ಅವಸರವಿರುವುದಿಲ್ಲ.

ಆದರೆ ಅತಿ ಮಾಡಿದರೂ ಕೆಡುತ್ತದೆ. ಒಮ್ಮೆಗೇ ಬಯಲು ಮಾಡಿದರೆ ಸಾಗುವಾನಿಯ ಕಾಂಡದ ತುಂಬ ಚಿಗುರು ಮುಳ್ಳಿನ ಹಾಗೆ ಏಳುತ್ತದೆ, ಮುಂದೆ ಅದೇ ಗಂಟು. ಕಡಿದ ಬುಡಗಳೂ ಸುಮ್ಮನಿರುವುದಿಲ್ಲ, ಚಿಗುರುತ್ತವೆ. ತೆರೆದ ನೆಲಕ್ಕೆ ಯುಪಟೋರಿಯಂ, ಲಂಟಾನದಂಥ ಕಳೆಗಳು ಬಂದು ಕೂರುತ್ತವೆ. ಇನ್ನು ಗಂಧ ಹಾಕಿದವರಿಗೆ ಒಂದು ಮಾತು: ಈ ಲೇಖನದ ಲೆಕ್ಕ ನಿಮಗೆ ಹೊಂದುವುದಿಲ್ಲ. ಗಂಧ ಪಕ್ಕದ ಗಿಡದ ಬೇರಿಗೆ ಬೇರು ಚುಚ್ಚಿ ಉಣ್ಣುವ ಮರ; ಪಕ್ಕದ್ದನ್ನು ಕಡಿದರೆ ಅದರ ಅನ್ನದ ತಟ್ಟೆಯನ್ನೇ ಕಸಿದಂತಾಗಬಹುದು.

ಇದೇ ಪ್ರಶ್ನೆ ಸರಕಾರಿ ಕಾಡಿಗೆ ಹೋದಾಗ ರೂಪ ಬದಲಿಸುತ್ತದೆ. ನಾಗರಹೊಳೆಯಲ್ಲಿ, ದಾಂಡೇಲಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಿಂದೆ ಇಲಾಖೆ ನಾಟಾಕ್ಕೆಂದು ಬೆಳೆಸಿದ ಸಾಗುವಾನಿ ತೋಪುಗಳು ಈಗ ಹುಲಿಯ ಮನೆಯೊಳಗೆ ಸೇರಿವೆ. ಕಾಡುಗಳ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಲ್ಲಂತೂ 2000ದ ಫೆಬ್ರವರಿ 14ರ ಆದೇಶ ಸತ್ತ, ಬಿದ್ದ ಮರ ಸಾಗಿಸುವುದನ್ನೂ ತಡೆಯಿತು. ಕಾಡು ಕರಗುತ್ತಿದ್ದ ಕಾಲದಲ್ಲಿ ಆ ಆದೇಶಗಳು ಬೇಕಾಗಿದ್ದವು, ಈಗಲೂ ಬೇಕು. ಆದರೆ ತೆಳುಗೊಳಿಸುವ ವೇಳಾಪಟ್ಟಿಯ ಮೇಲೆ ನಿಂತಿದ್ದ ತೋಪು ಆ ವೇಳಾಪಟ್ಟಿ ನಿಂತ ದಿನ ಕಾಡಾಗಿಬಿಡುವುದಿಲ್ಲ. ಒತ್ತಾದ ಸಾಗುವಾನಿಯ ಕೆಳಗೆ ಹುಲ್ಲು ಕಡಿಮೆ, ಬೇಸಿಗೆಯಲ್ಲಿ ಮೊರದಗಲದ ಒಣ ಎಲೆಗಳ ಹಾಸು, ಅದರ ಮೇಲೆ ಬೆಂಕಿ ಬೇಗ ಓಡುತ್ತದೆ. ಕಡವೆ, ಕಾಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಹಾಗೆಂದು ಗರಗಸ ಒಳಗೆ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ. ಇಲ್ಲಿ ಉದ್ದೇಶ ದಪ್ಪ ದಿಮ್ಮಿಯಲ್ಲ. ವನ್ಯಜೀವಿ ಕಾಯಿದೆಯ 29ನೆಯ ಪ್ರಕರಣವೂ ಅಭಯಾರಣ್ಯದಿಂದ ಏನನ್ನೇ ತೆಗೆದರೂ ಅದು ವನ್ಯಜೀವಿಗಳ ಒಳಿತಿಗಾಗಿ ಮಾತ್ರ ಎನ್ನುತ್ತದೆ. ಛಾವಣಿ ತೆರೆದರೆ ಮೇಲೆ ಉಳಿದ ಸಾಗುವಾನಿ ಕೊಬ್ಬುವುದು ಖಂಡಿತ, ಕೆಳಗೆ ಮತ್ತಿ, ಹೊನ್ನೆ, ಬಿದಿರು ಏಳುತ್ತವೋ ಲಂಟಾನ ಏಳುತ್ತದೋ ಎಂಬುದು ಖಂಡಿತವಿಲ್ಲ. ವಯನಾಡಿನ ಕಡೆಯಿಂದ ನಾಗರಹೊಳೆ, ಬಂಡೀಪುರಕ್ಕೆ ಹಬ್ಬಿರುವ ಹಳದಿ ಹೂವಿನ ಸೆನ್ನಾ ಇಂಥ ತೆರಪಿಗೇ ಕಾದಿರುತ್ತದೆ. ತೆಳುಗೊಳಿಸಿದ ಮೇಲೆ ಐದಾರು ವರ್ಷ ಕಳೆ ಕೀಳುವ ಹಣ, ಆಳು, ತಾಳ್ಮೆ ಇಲ್ಲದಿದ್ದರೆ ಮುಟ್ಟದಿರುವುದೇ ಮೇಲು. ಇಂಗಾಲದ ಲೆಕ್ಕ ಹಾಕುವವರದ್ದೂ ಒಂದು ತಕರಾರಿದೆ, ಅದೂ ಸುಳ್ಳಲ್ಲ: ತೆಳುಗೊಳಿಸಿದ ತೋಪಿನಲ್ಲಿ ನಿಂತಿರುವ ಒಟ್ಟು ಮರ ಸದ್ಯಕ್ಕಂತೂ ಕಡಿಮೆಯೇ.

ರೈತನ ಜಮೀನಿನಲ್ಲಿ ಇಷ್ಟು ಗೊಂದಲವಿಲ್ಲ, ಅಲ್ಲಿರುವುದು ಕಾಗದದ ಗೊಂದಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂಥವನ್ನು ಅನುಮತಿಯಿಂದ ಬಿಟ್ಟಿದೆ, ಸಾಗುವಾನಿಗೆ ಅನುಮತಿ ಬೇಕು. ಕಾಯಿದೆಯ ಕಣ್ಣಿಗೆ ಕಡಿದ ಮರ ಕಡಿದ ಮರವೇ. ಪಕ್ಕದ ನಾಲ್ಕನ್ನು ಬೆಳೆಸಲು ಕಡಿದದ್ದೋ ತೋಪು ಬೋಳಿಸಲು ಕಡಿದದ್ದೋ ಅದಕ್ಕೆ ಒಂದೇ. ಐದನೆಯ ವರ್ಷದ ಗಳುಗಳಿಗೆ ಬರುವ ಪುಡಿಗಾಸಿಗೆ ಅರ್ಜಿ ಹಿಡಿದು ಓಡಾಡುವ ಉತ್ಸಾಹ ಯಾರಿಗಿರುತ್ತದೆ? ಹಾಗಾಗಿ ಮೊದಲ ಸರದಿ ತಪ್ಪುತ್ತದೆ, ಎರಡನೆಯದೂ ತಪ್ಪುತ್ತದೆ. ಸ್ವಂತ ಜಮೀನಿನಲ್ಲಿ ನೆಟ್ಟ ಎಳೆಯ ತೋಪಿನ ಮೊದಲೆರಡು ತೆಳುಗೊಳಿಸುವಿಕೆಗೆ ತಿಳಿಸಿದರೆ ಸಾಕು ಎಂಬ ನಿಯಮ ಬಂದರೆ ಕಾಡಿಗೇನೂ ನಷ್ಟವಾಗಲಾರದು ಎನ್ನುವುದು ನನ್ನ ಅಭಿಪ್ರಾಯ. ಕಳ್ಳನಾಟಾಕ್ಕೆ ನಾಲ್ಕಿಂಚಿನ ಗಳು ಯಾರಿಗೂ ಬೇಕಿಲ್ಲ.

ಭಾವ ಕೊನೆಗೆ ಒಪ್ಪಿದರು. ಇಷ್ಟು ವರ್ಷ ತಡವಾಗಿರುವುದರಿಂದ ಒಂದೇ ಸಲ ಅರ್ಧ ತೆಗೆಯುವುದು ಬೇಡ, ನಾಲ್ಕರಲ್ಲಿ ಒಂದು ಈಗ, ಮೂರ್ನಾಲ್ಕು ವರ್ಷ ಬಿಟ್ಟು ಇನ್ನೊಂದಿಷ್ಟು ಎಂದು ಮಾತಾಯಿತು. ಅರ್ಜಿ ಕೊಡುವ ಮುನ್ನ ಸಂಖ್ಯೆ ಗೊತ್ತಿರಬೇಕಲ್ಲ ಎಂದು ಒಂದು ಭಾನುವಾರ ಸುಣ್ಣದ ಡಬ್ಬಿ ಹಿಡಿದು ಹೊರಟೆವು. ಮೊದಲು ಉಳಿಯುವ ಮರಗಳ ಬುಡಕ್ಕೆ ಬಾಳೆನಾರು ಕಟ್ಟಿದೆವು, ಆಮೇಲೆ ಅವಕ್ಕೆ ಅಡ್ಡಿಯಾದವುಗಳ ಮೇಲೆ ಸುಣ್ಣದ ಗೆರೆ. ಸಂಜೆಯವರೆಗೆ ಸಾಲು ಹಿಡಿದು ನಡೆದು ನೂರ ಅರವತ್ತೆರಡು ಗೆರೆ ಎಳೆದೆವು. ಮರುದಿನ ಬೆಳಿಗ್ಗೆ ಎಣಿಕೆ ಸರಿಯಿದೆಯೇ ನೋಡಲು ಹೋದರೆ ನೂರ ಐವತ್ತೊಂಬತ್ತೇ ಸಿಕ್ಕವು. ಮೂರು ಮರಗಳ ತೊಗಟೆ ಒದ್ದೆಯಾಗಿತ್ತು, ಯಾರೋ ಉಜ್ಜಿ ತೊಳೆದಿದ್ದರು. ಭಾವನ ಪಂಚೆಯ ಅಂಚಿನಲ್ಲಿ ಸುಣ್ಣ ಹತ್ತಿತ್ತು. ನಾನು ಕೇಳಲಿಲ್ಲ, ಅರ್ಜಿಯಲ್ಲಿ ನೂರ ಐವತ್ತೊಂಬತ್ತು ಎಂದೇ ಬರೆದೆವು.